ಅಡುಗೆಮನೆ ಕತ್ತಲಲ್ಲಿ ಅಜ್ಜಿಯ ಫೋಟೊ: ಫೋನ್ ಬದಲಿಸಬೇಕಾ, ಬೇಡವಾ?

ಬಿಳಿಜೋಳ:
ಎಲ್ಲರಿಗೂ ನಮಸ್ಕಾರ. ನನ್ನ ಕೆಲಸ ಹುಬ್ಬಳ್ಳಿಯಲ್ಲಿ, ಊರು ರೋಣದ ಕಡೆ ಒಂದು ಹಳ್ಳಿ. ನಮ್ಮ ಆಯಿ, ಅಂದರೆ ಅಜ್ಜಿ, ಈಗಲೂ ಕಟ್ಟಿಗೆ ಒಲೆ ಮೇಲೆಯೇ ಜೋಳದ ರೊಟ್ಟಿ ಮಾಡುತ್ತಾಳೆ. ಮನೆಯಲ್ಲಿ ಗ್ಯಾಸ್ ಇದೆ, ಅದರ ಮೇಲೆ ಚಹಾ ಮಾತ್ರ. ಊರಿಗೆ ಹೋದಾಗೆಲ್ಲ ಅವಳ ಫೋಟೊ ತೆಗೆಯುತ್ತೇನೆ. ಹಬ್ಬದ ಫೋಟೊ ಅಲ್ಲ, ದಿನದ ಕೆಲಸದ್ದು. ರೊಟ್ಟಿ ಬಡಿಯುವುದು, ಅಕ್ಕಿ ಆರಿಸುವುದು, ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುವುದು, ಹೀಗೆ.

ಅಜ್ಜಿ ಕಪ್ಪು. ನಾನೂ ಕಪ್ಪೇ. ಫೋಟೊದಲ್ಲಿ ಮಾತ್ರ ಅವಳ ಮುಖ ಬೆಳ್ಳಗೆ ಬಂದು, ಸುಕ್ಕೆಲ್ಲ ಅಳಿಸಿ ಹೋಗಿ, ಯಾರೋ ಬೇರೆಯವರು ಅನ್ನಿಸುತ್ತದೆ. ಕೈ ಅಂತೂ ಬರೀ ಮಸುಕು. ಟ್ಯೂಬ್‌ಲೈಟ್ ಹಾಕಿದರೆ ಗೋಡೆ ಮೇಲೆ ಅಡ್ಡಡ್ಡ ಪಟ್ಟೆ. ಫ್ಲ್ಯಾಶ್ ಹಾಕಿದರೆ ಒಲೆ ಹೊಗೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಇಷ್ಟು ಸಾಲದು ಅಂತ, ನಾನು ಫೋನ್ ಎತ್ತಿದ್ದೇ ತಡ ಕೈಯಲ್ಲಿದ್ದ ಕೆಲಸ ಬಿಟ್ಟು ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತುಬಿಡುತ್ತಾಳೆ.

ಫೋನ್ ಮೂರು ವರ್ಷದ ಹಿಂದಿನದು, ಡಬ್ಬದ ಮೇಲೆ 64 ಮೆಗಾಪಿಕ್ಸೆಲ್ ಎಂದು ದೊಡ್ಡದಾಗಿ ಬರೆದಿತ್ತು. 25 ಸಾವಿರದೊಳಗೆ ಹೊಸದು ತೆಗೆದುಕೊಂಡರೆ ಇದೆಲ್ಲ ಸರಿ ಹೋಗುತ್ತದಾ? ಯಾವುದು ತಗೊಳ್ಳಲಿ?

ಮಲ್ಪೆ_ಬಂಗುಡೆ:
ಹೊಸ ಫೋನ್ ಬೇಡ ಮಾರಾಯ್ರೇ. ಮೊದಲು ಲೆನ್ಸ್ ಒರೆಸಿ. ತಮಾಷೆಗೆ ಹೇಳುತ್ತಿಲ್ಲ. ಒಲೆ ಹತ್ತಿರ ಇಟ್ಟ ಫೋನಿನ ಲೆನ್ಸ್ ಮೇಲೆ ಎಣ್ಣೆ ಜಿಡ್ಡು ಇದ್ದೇ ಇರುತ್ತದೆ, ಜೊತೆಗೆ ಬೆರಳಿನದ್ದು. ಬಲ್ಬಿನ ಸುತ್ತ ಬೆಳಕು ಹರಡಿಕೊಂಡು ಕಂಡರೆ ಅದೇ ಕಾರಣ. ಹತ್ತಿ ಬಟ್ಟೆ ಸಾಕು. ನಮ್ಮ ಕಡೆ ಮಳೆಗಾಲದಲ್ಲಿ ಎಸಿ ಬಸ್ಸಿನಿಂದ ಇಳಿದ ತಕ್ಷಣ ಲೆನ್ಸ್ ಮೇಲೆ ಹಬೆ ಕೂರುತ್ತದೆ, ಐದು ನಿಮಿಷ ಬಿಟ್ಟು ತೆಗೆದರೆ ತಾನೇ ಹೋಗುತ್ತದೆ. ಇದನ್ನೇ ಕ್ಯಾಮೆರಾ ಹಾಳಾಗಿದೆ ಅಂದುಕೊಂಡು ಸರ್ವೀಸ್ ಸೆಂಟರಿಗೆ ಓಡುವವರನ್ನು ನೋಡಿದ್ದೇನೆ.

ಹಳೇ_ಸ್ಟುಡಿಯೋ:
ನೋಡಮ್ಮ, ನಾನು ಶಿವಮೊಗ್ಗದಲ್ಲಿ ತುಂಬಾ ವರ್ಷ ಸ್ಟುಡಿಯೋ ನಡೆಸಿದವನು. ಈಗ ಮಗ ನೋಡಿಕೊಳ್ಳುತ್ತಾನೆ. ನಿನ್ನ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ, ನೀನು ಗಮನಿಸಿಲ್ಲ ಅಷ್ಟೇ.

ಕಟ್ಟಿಗೆ ಒಲೆಯ ಅಡುಗೆಮನೆ ಅಂದರೆ ಗೋಡೆಯೆಲ್ಲ ಮಸಿ ಹಿಡಿದು ಕಪ್ಪಾಗಿರುತ್ತದೆ, ಅಲ್ವಾ? ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್‌ಗೆ ಗೋಡೆ ಕಪ್ಪು ಅಂತ ಗೊತ್ತಿಲ್ಲ. ಮುಂದೆ ಇರುವುದನ್ನೆಲ್ಲ ಸರಾಸರಿ ಮಾಡಿ ಮಧ್ಯಮ ಬೂದು ಬಣ್ಣಕ್ಕೆ ತರಬೇಕು ಅನ್ನುವುದಷ್ಟೇ ಅದರ ಲೆಕ್ಕ. ನಮ್ಮ ಕಾಲದಲ್ಲಿ ಇದಕ್ಕೆ 18 ಪರ್ಸೆಂಟ್ ಗ್ರೇ ಅನ್ನುತ್ತಿದ್ದೆವು, ಆ ಬಣ್ಣದ ರಟ್ಟೇ ಸಿಗುತ್ತಿತ್ತು. ಚೌಕಟ್ಟಿನಲ್ಲಿ ಮುಕ್ಕಾಲು ಭಾಗ ಕರಿ ಗೋಡೆ ಇದ್ದರೆ ಮೀಟರ್ "ಕತ್ತಲೆ ಜಾಸ್ತಿ" ಅಂದುಕೊಂಡು ಎಲ್ಲವನ್ನೂ ಬೆಳಗಿಸುತ್ತದೆ. ಗೋಡೆ ಬೂದಾಗುತ್ತದೆ, ಅಜ್ಜಿ ಬಿಳಿಯಾಗುತ್ತಾಳೆ. ಬ್ಯೂಟಿ ಫಿಲ್ಟರ್ ಒಂದೇ ಇದಕ್ಕೆ ಕಾರಣ ಅಲ್ಲ.

ಅವಳ ಮುಖದ ಮೇಲೆ ಬೆರಳು ಒತ್ತು. ಒಂದು ಚೌಕ, ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತದೆ. ಆ ಸೂರ್ಯನನ್ನು ಕೆಳಗೆ ಎಳೆ, ಮುಖದ ಬಣ್ಣ ನಿನ್ನ ಕಣ್ಣಿಗೆ ಕಾಣುವಷ್ಟಕ್ಕೆ ಬರುವ ತನಕ. ಗೋಡೆ ಪೂರ್ತಿ ಕಪ್ಪಾಗುತ್ತದೆ. ಆಗಲಿ ಬಿಡು, ಅದು ಕಪ್ಪು ಗೋಡೆಯೇ ತಾನೇ. ಬೆರಳು ಒತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ಅಲ್ಲೇ ಲಾಕ್ ಆಗುತ್ತವೆ, ಮತ್ತೆ ಮತ್ತೆ ಸರಿ ಮಾಡಬೇಕಾಗಿಲ್ಲ.

ಇನ್ನೊಂದು ಮಾತು. ನಿಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ, ಅಂದರೆ ಬೆಳಕಿಗೆ ಅಂತ ಮಾಳಿಗೆಯಲ್ಲಿ ಬಿಟ್ಟ ಕಿಂಡಿ, ಇರುತ್ತದೆ. ನಿಮ್ಮ ಮನೆಯಲ್ಲಿ ಇದೆಯಾ?

ಪಿಕ್ಸೆಲ್_ಪುಟ್ಟ:
ಗುರುಗಳು ಹೇಳಿದ್ದು ಸರಿ. ಆದರೆ ಬ್ಯೂಟಿಯನ್ನು ಅಷ್ಟು ಸುಲಭಕ್ಕೆ ಬಿಡಬೇಡಿ. ನಾನು ಬೆಂಗಳೂರಿನಲ್ಲಿ ಕ್ಯಾಮೆರಾ ಸಾಫ್ಟ್‌ವೇರ್ ಕೆಲಸ ಮಾಡುವವನು, ಯಾವ ಕಂಪನಿ ಅಂತ ಕೇಳಬೇಡಿ.

ನೀವು ಬಟನ್ ಒತ್ತಿದಾಗ ಫೋನ್ ತೆಗೆಯುವುದು ಒಂದು ಫೋಟೊ ಅಲ್ಲ. ಬೇಗಬೇಗ ಹಲವಾರು ಫ್ರೇಮ್ ತೆಗೆದು, ಒಂದರ ಮೇಲೊಂದು ಕೂರಿಸಿ, ಕಾಳುಕಾಳಾಗಿ ಕಾಣುವ ಗದ್ದಲವನ್ನು ಕಡಿಮೆ ಮಾಡಿ, ಆಮೇಲೆ ಮುಖ ಎಲ್ಲಿದೆ ಅಂತ ಹುಡುಕಿ ಅದನ್ನು ಬೇರೆಯಾಗಿ ಬೆಳಗಿಸುತ್ತದೆ. ಗೂಗಲ್ 2014ರ ಹೊತ್ತಿಗೆ ನೆಕ್ಸಸ್ ಫೋನ್‌ಗಳಲ್ಲಿ ಎಚ್‌ಡಿಆರ್ ಪ್ಲಸ್ ಅಂತ ಇದನ್ನು ತಂದಿತ್ತು, ಈಗ ಎಲ್ಲರೂ ಯಾವುದೋ ಒಂದು ಹೆಸರಲ್ಲಿ ಇದನ್ನೇ ಮಾಡುತ್ತಾರೆ. ಬೆಳಕು ಹಿಡಿಯುವ ಸೆನ್ಸರ್ ಉಗುರಿನಷ್ಟು ಚಿಕ್ಕದು, ಹಾಗಾಗಿ ಕತ್ತಲಲ್ಲಿ ಈ ಲೆಕ್ಕಾಚಾರ ಇಲ್ಲದೆ ಫೋಟೊ ಬರುವುದೇ ಇಲ್ಲ. ತೊಂದರೆ ಇರುವುದು ಕೊನೆಯ ಹಂತದಲ್ಲಿ. ಮುಖ ಹೇಗಿದ್ದರೆ "ಚೆಂದ" ಅನ್ನುವುದನ್ನು ಯಾರೋ ಎಲ್ಲೋ ಕೂತು ತೀರ್ಮಾನ ಮಾಡಿರುತ್ತಾರೆ, ಆ ಚೆಂದ ಬಹಳ ಸಲ ಬಿಳಿ ಮತ್ತು ನುಣುಪು. ಕಪ್ಪು ಚರ್ಮ ಸರಿಯಾಗಿ ಬರುವ ಹಾಗೆ ಮಾಡುತ್ತೇವೆ ಅಂತ ಗೂಗಲ್ 2021ರಲ್ಲಿ ಪಿಕ್ಸೆಲ್ 6ರ ಜೊತೆ ರಿಯಲ್ ಟೋನ್ ತಂದಿತು. ಅಂದರೆ ಅಲ್ಲಿಯವರೆಗೆ ಸರಿಯಾಗಿ ಬರುತ್ತಿರಲಿಲ್ಲ ಅಂತ ಅವರೇ ಒಪ್ಪಿಕೊಂಡ ಹಾಗೆ ಆಯಿತು.

ಕ್ಯಾಮೆರಾದಲ್ಲಿ ಒಂದು ಮಂತ್ರದಂಡದ ಚಿತ್ರವೋ, ಮುಖದ ಚಿತ್ರವೋ ಇರುತ್ತದೆ, ಒತ್ತಿ ನೋಡಿ. ಬ್ಯೂಟಿ, ಸ್ಮೂತ್, ಸ್ಲಿಮ್ ಅಂತ ಏನೇನಿದೆಯೋ ಎಲ್ಲ ಸೊನ್ನೆಗೆ ತನ್ನಿ. "ಎಐ" ಅಂತ ಬರೆದ ಬಟನ್ ಇದ್ದರೆ ಅದನ್ನೂ ಆಫ್ ಮಾಡಿ. ಪೋರ್ಟ್ರೇಟ್ ಮೋಡ್‌ಗೆ ಬೇರೆ ಸೆಟ್ಟಿಂಗ್ ಇರುತ್ತದೆ, ಅಲ್ಲಿಯೂ ಹೋಗಿ ಆಫ್ ಮಾಡಬೇಕು.

ಹಾಗೇ ಹೇಳಿಬಿಡುತ್ತೇನೆ, ಹೊಸ ಫೋನಿನಿಂದ ಉಪಯೋಗ ಇಲ್ಲವೇ ಇಲ್ಲ ಅನ್ನುವ ಮಾತು ನಾನು ಒಪ್ಪುವುದಿಲ್ಲ. ಕೈ ನಡುಕ ತಡೆಯುವ ಒಐಎಸ್ ಇದ್ದರೆ, ಸೆನ್ಸರ್ ಸ್ವಲ್ಪ ದೊಡ್ಡದಿದ್ದರೆ ಅಡುಗೆಮನೆಯಲ್ಲಿ ಖಂಡಿತ ವ್ಯತ್ಯಾಸ ಗೊತ್ತಾಗುತ್ತದೆ.

ಹಳೇ_ಸ್ಟುಡಿಯೋ:
ಪುಟ್ಟ, ಒಐಎಸ್ ತಡೆಯುವುದು ಫೋನ್ ಹಿಡಿದವಳ ಕೈ ನಡುಕ. ಅಲ್ಲಾಡುತ್ತಿರುವುದು ಅಜ್ಜಿಯ ಕೈ. ಅದನ್ನು ಯಾವ ಒಐಎಸ್ ತಡೆಯುತ್ತದಪ್ಪ?

ಪಿಕ್ಸೆಲ್_ಪುಟ್ಟ:
😄 ಅದು ಒಪ್ಪಿದೆ ಸರ್. ಅಲ್ಲಾಡುವ ಕೈಗೆ ಬೇಕಿರುವುದು ಶಟರ್ ವೇಗ, ಅಂದರೆ ಬೆಳಕು ಒಳಗೆ ಬಿಡುವ ಹೊತ್ತು ಕಡಿಮೆ ಇರಬೇಕು. ನೈಟ್ ಮೋಡ್ ಕೂಡ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಒಂದೆರಡು ಸೆಕೆಂಡ್ ಹೊತ್ತು ಫ್ರೇಮ್ ಸೇರಿಸುತ್ತದೆ, ರೊಟ್ಟಿ ಬಡಿಯುವ ಕೈ ಅಷ್ಟರಲ್ಲಿ ಎಷ್ಟೋ ಸುತ್ತು ತಿರುಗಿರುತ್ತದೆ. ಪ್ರೊ ಮೋಡ್‌ನಲ್ಲಿ ಎಸ್ (ಶಟರ್) ಅನ್ನುವ ಕಡೆ 1/100 ಸೆಕೆಂಡಿಗೆ ಇಟ್ಟು, ಐಎಸ್‌ಒ, ಅಂದರೆ ಸಿಕ್ಕ ಬೆಳಕನ್ನು ಎಷ್ಟು ಹೆಚ್ಚಿಸಬೇಕು ಅನ್ನುವ ಲೆಕ್ಕ, ಆಟೋದಲ್ಲಿ ಬಿಡಿ. ಫೋಟೊ ಸ್ವಲ್ಪ ಕಾಳುಕಾಳಾಗಿ ಬರುತ್ತದೆ. ನನಗಂತೂ ಮಸುಕಿಗಿಂತ ಕಾಳು ಇಷ್ಟ.

ಬಿಳಿಜೋಳ:
ಬೆಳಕಿಂಡಿ ಇದೆ ಸರ್! ಒಲೆಯಿಂದ ಸ್ವಲ್ಪ ಈಚೆಗೆ. ಮಳೆಗಾಲದಲ್ಲಿ ಮಾತ್ರ ಕಲ್ಲು ಮುಚ್ಚುತ್ತಾರೆ. ಬೆಳಗ್ಗೆ ಹೊತ್ತು ನೆಲದ ಮೇಲೆ ಬಿಸಿಲು ಚೌಕ ಬೀಳುತ್ತದೆ. ಅದನ್ನು ಇಷ್ಟು ದಿನ ಅಡ್ಡಿ ಅಂದುಕೊಂಡು, ಅದು ಬರದ ಹಾಗೆ ತಿರುಗಿ ನಿಂತು ತೆಗೆಯುತ್ತಿದ್ದೆ.

ಬ್ಯೂಟಿ ನೋಡಿದೆ, 60ರಲ್ಲಿ ಇತ್ತು. ನಾನು ಇಟ್ಟದ್ದಲ್ಲ. ಟ್ಯೂಬ್‌ಲೈಟ್ ಪಟ್ಟೆ ಯಾಕೆ ಬರುತ್ತದೆ, ಯಾರಾದರೂ ಹೇಳಿ.

ಹಳೇ_ಸ್ಟುಡಿಯೋ:
ಅಡ್ಡಿ ಅಲ್ಲಮ್ಮ, ಅದೇ ನಿನ್ನ ಲೈಟು. ನಾವು ಸ್ಟುಡಿಯೋದಲ್ಲಿ ಸಾವಿರಾರು ರೂಪಾಯಿ ಕೊಟ್ಟು ಸಾಫ್ಟ್ ಬಾಕ್ಸ್ ಹಾಕಿ ಮಾಡುತ್ತಿದ್ದುದನ್ನು ಆ ಮನೆ ಕಟ್ಟಿದವರು ಪುಕ್ಕಟೆ ಮಾಡಿಟ್ಟಿದ್ದಾರೆ.

ನೇರ ಬಿಸಿಲು ಮುಖದ ಮೇಲೆ ಬೀಳುವುದು ಬೇಡ, ಮೂಗಿನ ಕೆಳಗೆ ಕರಿ ನೆರಳು ಬರುತ್ತದೆ. ನೆಲಕ್ಕೆ ಬಿದ್ದ ಬಿಸಿಲು ಮೇಲಕ್ಕೆ ಚಿಮ್ಮುತ್ತದಲ್ಲ, ಅದು ಮೆತ್ತಗಿನ ಬೆಳಕು. ಅಜ್ಜಿ ಆ ಚೌಕದ ಪಕ್ಕ ಇರಬೇಕು, ಒಳಗಲ್ಲ. ನೆಲ ಮಣ್ಣಿನದಾಗಿದ್ದರೆ ಒಂದು ಬಿಳಿ ಪಂಚೆಯೋ ಹಿಟ್ಟಿನ ಖಾಲಿ ಚೀಲವೋ ಆ ಬಿಸಿಲಲ್ಲಿ ಹಾಸಿ ನೋಡು. ಮುಖದ ನೆರಳಿನ ಕಡೆಗೂ ಬೆಳಕು ತುಂಬುತ್ತದೆ. ನೀನು ಬೆಳಕಿಂಡಿಗೆ ಬೆನ್ನು ಹಾಕಬೇಡ, ಎದುರಿಗೂ ಹೋಗಬೇಡ. ಅಡ್ಡದಿಂದ ನಿಲ್ಲು. ಸುಕ್ಕು, ಕೈಯ ನರ, ಹಿಟ್ಟಿನ ಪುಡಿ, ಹೊಗೆ ಎಲ್ಲ ಕಾಣುವುದು ಅಡ್ಡ ಬೆಳಕಿನಲ್ಲೇ. ಎದುರಿನಿಂದ ಬಿದ್ದ ಬೆಳಕು ಎಲ್ಲವನ್ನೂ ಚಪ್ಪಟೆ ಮಾಡುತ್ತದೆ. ಫೋನಿನ ಫ್ಲ್ಯಾಶ್ ಮಾಡುವುದೂ ಅದನ್ನೇ. ಅದಕ್ಕೇ ನಾನು ಫ್ಲ್ಯಾಶ್ ಬಳಸಿ ಅಂತ ಯಾರಿಗೂ ಹೇಳುವುದಿಲ್ಲ. ಕಳೆದುಹೋದ ಚಪ್ಪಲಿ ಹುಡುಕಲು ಟಾರ್ಚಾಗಿ ಬಳಸಬಹುದು.

ಬೆಳಕಿಗೆ ಕಿಂಡಿ ಸಾಕು ಅನ್ನುವುದಕ್ಕೆ ಹಂಪಿಗೆ ಹೋದಾಗ ವಿರೂಪಾಕ್ಷ ಗುಡಿಯ ಹಿಂಭಾಗದ ಕತ್ತಲ ಕೋಣೆಯನ್ನು ತಪ್ಪದೆ ನೋಡು. ಚಿಕ್ಕ ಕಿಂಡಿಯಿಂದ ಬೆಳಕು ಬಂದು ರಾಜಗೋಪುರದ ಚಿತ್ರ ಎದುರು ಗೋಡೆ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಲೆನ್ಸೂ ಇಲ್ಲ, ಮೆಗಾಪಿಕ್ಸೆಲ್ಲೂ ಇಲ್ಲ.

ವೈರಿಂಗ್_ವಾಲ:
ಪಟ್ಟೆ ಪ್ರಶ್ನೆ ನನ್ನ ಖಾತೆಗೆ ಸೇರಿದ್ದು. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಫೋನಿನ ಸೆನ್ಸರ್ ಚಿತ್ರವನ್ನು ಒಂದೇ ಏಟಿಗೆ ಓದದೆ ಸಾಲುಸಾಲಾಗಿ ಓದುತ್ತದೆ. ಕೆಲವು ಸಾಲು ಬೆಳಕು ಜಾಸ್ತಿ ಇದ್ದಾಗ, ಕೆಲವು ಕಡಿಮೆ ಇದ್ದಾಗ ಸಿಕ್ಕಿಕೊಳ್ಳುತ್ತವೆ. ಅದೇ ಪಟ್ಟೆ. ಪುಟ್ಟ ಅವರು 1/100 ಅಂದರಲ್ಲ, ಅದು ಇಲ್ಲಿಯೂ ಸರಿಯಾಗಿ ಕೂರುತ್ತದೆ. ಒಂದು ಮಿನುಗು ಪೂರ್ತಿ ಒಳಗೆ ಬರುವುದರಿಂದ ಪಟ್ಟೆ ಹೋಗುತ್ತದೆ. 1/50 ಕೂಡ ಆಗುತ್ತದೆ. 1/500ಕ್ಕೆ ಏರಿಸಿದರೆ ಪಟ್ಟೆ ಗ್ಯಾರಂಟಿ. ಕೆಲವು ಫೋನ್‌ಗಳಲ್ಲಿ ಆ್ಯಂಟಿ ಫ್ಲಿಕರ್ ಅಂತ ಇರುತ್ತದೆ, ಅಲ್ಲಿ 60 ಇದ್ದರೆ 50 ಮಾಡಿ.

ಎಲ್‌ಇಡಿ ಹಾಕಿದರೆ ಸರಿಯಾಗುತ್ತದೆ ಅಂತ ತಿಳಿಯಬೇಡಿ. ಒಳಗಿನ ಡ್ರೈವರ್ ಕಳಪೆ ಇದ್ದರೆ ಅದೂ ಮಿನುಗುತ್ತದೆ. ಅಂಗಡಿಯಲ್ಲಿ ಬಲ್ಬ್ ಹಚ್ಚಿಸಿ, ಫೋನ್ ಕ್ಯಾಮೆರಾ ಹತ್ತಿರ ಹಿಡಿದು ಸ್ಕ್ರೀನ್ ನೋಡಿ, ಪಟ್ಟೆ ಹರಿದಾಡಿದರೆ ವಾಪಸ್ ಕೊಟ್ಟುಬಿಡಿ. ಡಬ್ಬದ ಮೇಲೆ 6500ಕೆ ಅಂತ ಇರುವುದು ನೀಲಿ ಬಿಳುಪು, 3000ಕೆ ಅಂತ ಇರುವುದು ಹಳದಿ. ಒಲೆ ಬೆಂಕಿ ಅದಕ್ಕಿಂತಲೂ ಹಳದಿ. ಬೆಂಕಿ ಒಂದು ಕಡೆ, 6500ಕೆ ಬಲ್ಬ್ ಇನ್ನೊಂದು ಕಡೆ ಇದ್ದರೆ ಅಜ್ಜಿಯ ಅರ್ಧ ಮುಖ ಕಿತ್ತಳೆ, ಅರ್ಧ ಮುಖ ನೀಲಿ. ಫೋನಿಗೆ ಎರಡನ್ನೂ ಒಟ್ಟಿಗೆ ಸರಿ ಮಾಡಲು ಬರುವುದಿಲ್ಲ. ಒಂದನ್ನು ನಂದಿಸಿ. ಬೆಂಕಿ ನಂದಿಸಿದರೆ ರೊಟ್ಟಿ ಇಲ್ಲ, ಹಾಗಾಗಿ ಬಲ್ಬನ್ನೇ ಆಫ್ ಮಾಡಿ.

ಕುಡ್ಲದ_ಮಳೆ:
ಈ ಸೂರ್ಯನನ್ನು ಕೆಳಗೆ ಎಳೆಯುವ ವಿಷಯ ಯಕ್ಷಗಾನ ಬಯಲಾಟಕ್ಕೂ ಅಷ್ಟೇ ಉಪಯೋಗ. ಸುತ್ತ ಕತ್ತಲು, ರಂಗಸ್ಥಳದಲ್ಲಿ ಮಾತ್ರ ಲೈಟು. ಫೋನ್ ಎಲ್ಲವನ್ನೂ ಬೆಳಗಿಸಿ ಕಿರೀಟದ ಬಂಗಾರ ಬಣ್ಣವೆಲ್ಲ ಬೆಳ್ಳಗೆ ಉರಿದು ಹೋಗುತ್ತದೆ. ಒಂದೂವರೆ ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ). ಮತ್ತೆ ಕುಣಿತದ ನಡುವೆ ತೆಗೆಯುವುದಕ್ಕಿಂತ ವೇಷಧಾರಿ ತಿರುಗಿ ನಿಲ್ಲುವ ಆ ಒಂದು ಗಳಿಗೆ ಕಾಯಿರಿ. ಚೆಂಡೆ ಕೇಳಿಸಿಕೊಂಡರೆ ಅದು ಯಾವಾಗ ಬರುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ.

ಡಬ್ಬ_ಬಿಚ್ಚಿ_ನೋಡು:
ಎಲ್ಲ ಸರಿ, ಆದರೆ ಅವರು ಕೇಳಿದ್ದು ಯಾವ ಫೋನ್ ಅಂತ. 200 ಮೆಗಾಪಿಕ್ಸೆಲ್ ಫೋನ್ ಈಗ 25 ಸಾವಿರದೊಳಗೇ ಸಿಗುತ್ತದೆ. ಅದನ್ನು ತಗೊಂಡರೆ ಇಷ್ಟೆಲ್ಲ ಪಂಚೆ ಹಾಸುವ ಕೆಲಸ ಇರಲ್ಲ.

ಪಿಕ್ಸೆಲ್_ಪುಟ್ಟ:
ಇಲ್ಲ ಗುರು. ಆ 200 ಮೆಗಾಪಿಕ್ಸೆಲ್ ಸೆನ್ಸರ್ ಸಾಮಾನ್ಯವಾಗಿ 16 ಪಿಕ್ಸೆಲ್‌ಗಳನ್ನು ಸೇರಿಸಿ ಒಂದು ಮಾಡಿ 12.5 ಮೆಗಾಪಿಕ್ಸೆಲ್ ಫೋಟೊ ಕೊಡುತ್ತದೆ. ಬಿಳಿಜೋಳ ಅವರ 64 ಕೂಡ ನಾಲ್ಕು ಸೇರಿ ಒಂದಾಗಿ 16 ಆಗುತ್ತದೆ. ಬೆಳಕು ಕಡಿಮೆ ಇದ್ದಾಗ ಹೀಗೆ ಸೇರಿಸುವುದೇ ಒಳ್ಳೆಯದು. ಪೂರ್ತಿ 64ರಲ್ಲಿ ತೆಗೆದರೆ ಅಡುಗೆಮನೆಯಲ್ಲಿ ಇನ್ನೂ ಕೆಟ್ಟದಾಗಿ ಬರುತ್ತದೆ. 2000ದಲ್ಲಿ ಜಪಾನಿನಲ್ಲಿ ಬಂದ ಶಾರ್ಪ್ ಜೆ-ಎಸ್‌ಎಚ್‌04 ಅನ್ನುವ ಕ್ಯಾಮೆರಾ ಫೋನಿನಲ್ಲಿ ಇದ್ದದ್ದು 0.11 ಮೆಗಾಪಿಕ್ಸೆಲ್. ಅಲ್ಲಿಂದ 12ರ ತನಕ ಬಂದದ್ದು ನಿಜವಾದ ಪ್ರಗತಿ. ಅದರ ಮೇಲಿನದು ಬಹುಪಾಲು ಡಬ್ಬದ ಮೇಲೆ ಬರೆಯುವುದಕ್ಕೆ. ಹಾಗೇ ಹಿಂದೆ ಮೂರು, ನಾಲ್ಕು ಲೆನ್ಸ್ ಕಂಡು ಮರುಳಾಗಬೇಡಿ, ಅಗ್ಗದ ಫೋನ್‌ಗಳಲ್ಲಿ 2 ಮೆಗಾಪಿಕ್ಸೆಲ್ ಮ್ಯಾಕ್ರೊ, ಡೆಪ್ತ್ ಅನ್ನುವುವೆಲ್ಲ ಅಲಂಕಾರ.

ಜೂಮ್ ಲೆನ್ಸ್ ಬೇರೆ ಇದ್ದರೂ ಕತ್ತಲಲ್ಲಿ ಎಷ್ಟೋ ಫೋನ್‌ಗಳು ಅದನ್ನು ಮುಟ್ಟುವುದೇ ಇಲ್ಲ. ಮುಖ್ಯ ಕ್ಯಾಮೆರಾದಿಂದ ತೆಗೆದು ಕತ್ತರಿಸಿ ಕೊಡುತ್ತವೆ. ಸಂಜೆ ಹೊತ್ತು ಮನೆಯೊಳಗೆ 3 ಎಕ್ಸ್ ಒತ್ತಿ, ಜೂಮ್ ಲೆನ್ಸ್ ಮೇಲೆ ಬೆರಳು ಇಡಿ. ಚಿತ್ರ ಹಾಗೇ ಕಾಣುತ್ತಿದ್ದರೆ ಫೋನ್ ನಿಮಗೆ ಟೋಪಿ ಹಾಕುತ್ತಿದೆ.

ಡಬ್ಬ_ಬಿಚ್ಚಿ_ನೋಡು:
ಈಗಲೇ ಮಾಡಿ ನೋಡಿದೆ. ಹಾಕುತ್ತಿದೆ. 😐

ಕಾಯಕಬಂಧು_ಅಕ್ಕ:
ನಾನು ನಮ್ಮ ಪಂಚಾಯಿತಿಯ ಉದ್ಯೋಗ ಖಾತ್ರಿ ಕೆಲಸದಲ್ಲಿ ಕಾಯಕ ಬಂಧು, ಅಂದರೆ ಕೂಲಿಕಾರರ ಗುಂಪನ್ನು ನೋಡಿಕೊಳ್ಳುವವಳು. 2023ರ ಜನವರಿಯಿಂದ ಎನ್‌ಎಂಎಂಎಸ್ ಅನ್ನುವ ಹಾಜರಿ ಆ್ಯಪ್ ಕಡ್ಡಾಯ ಆದಾಗ ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊ ತೆಗೆದು ಹಾಕಬೇಕಾಯಿತು. ನಿಮಗೆಲ್ಲ ಇದು ಹವ್ಯಾಸ, ನಮಗೆ ಹಾಜರಿ. ಫೋಟೊ ಸರಿ ಇಲ್ಲದಿದ್ದರೆ ಕೂಲಿಗೇ ತೊಂದರೆ. ಹಾಗಾಗಿ ಚೆಂದ ಬರಲಿ ಬಿಡಲಿ, ಮುಖ ಗುರುತು ಸಿಗಲೇಬೇಕು.

ಬಿಸಿಲಲ್ಲಿ ಎಲ್ಲರೂ ತಲೆ ಮೇಲೆ ಟವೆಲ್, ಸೆರಗು ಹಾಕಿರುತ್ತಾರೆ. ಮುಖ ನೆರಳಲ್ಲಿ ಕಪ್ಪಾಗುತ್ತದೆ. ಹೊರಗಡೆ ನೆಲ, ಆಕಾಶ ಎರಡೂ ಉರಿಯುವಷ್ಟು ಬೆಳ್ಳಗೆ ಇರುವುದರಿಂದ ನಾವು ಸೂರ್ಯನನ್ನು ಮೇಲಕ್ಕೆ ಎಳೆಯಬೇಕು, ನಿಮ್ಮ ಅಡುಗೆಮನೆಗೆ ಉಲ್ಟಾ. ಆಕಾಶ ಕಡಿಮೆ ಬರುವ ಹಾಗೆ ಸ್ವಲ್ಪ ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತು ಕೆಳಮುಖ ತೆಗೆದರೆ ಇನ್ನೂ ಒಳ್ಳೆಯದು. ಹೆಂಗಸರನ್ನು ಸಾಲಿನ ತುದಿಗೆ ನಿಲ್ಲಿಸಬೇಡಿ, ಅಗಲದ ಲೆನ್ಸಿನಲ್ಲಿ ತುದಿಯವರು ದಪ್ಪ ಕಾಣುತ್ತಾರೆ, ಆಮೇಲೆ ನನ್ನನ್ನು ಬೈಯುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಫೋನ್ ಬಿಸಿಯಾಗಿ ಸ್ಕ್ರೀನ್ ತಾನೇ ಮಂಕಾಗಿಬಿಡುತ್ತದೆ. ಒದ್ದೆ ಬಟ್ಟೆ ಸುತ್ತಬೇಡಿ, ನೆರಳಿಗೆ ಇಡಿ ಸಾಕು.

ಹಳೇ_ಸ್ಟುಡಿಯೋ:
ಅಕ್ಕಾ, ನಿಮಗೆ ಕೈ ಮುಗಿದೆ. ಕೋರ್ಸಿಗೆ ದುಡ್ಡು ಕೊಟ್ಟು ಕಲಿತ ಹುಡುಗರಿಗೂ ಆಕಾಶ ಕಡಿಮೆ ಮಾಡಬೇಕು ಅನ್ನುವುದು ಹೊಳೆಯುವುದಿಲ್ಲ.

ಬಿಳಿಜೋಳ:
ಅಕ್ಕಾ, ದಪ್ಪ ಕಾಣುವ ವಿಷಯ ಓದಿ ನಗು ಬಂತು. ನಮ್ಮ ಮನೆಯ ಗ್ರೂಪ್ ಫೋಟೊದಲ್ಲಿ ನಮ್ಮ ಕಾಕು ಯಾವಾಗಲೂ ತುದಿಯಲ್ಲಿ ನಿಲ್ಲುತ್ತಾಳೆ, ಯಾವಾಗಲೂ ಸಿಟ್ಟಾಗುತ್ತಾಳೆ. ಈಗ ಕಾರಣ ಗೊತ್ತಾಯಿತು.

ಆದರೆ ಅಜ್ಜಿ ನೆಟ್ಟಗೆ ಕೂರುವುದಕ್ಕೆ ಏನು ಮಾಡಲಿ? ಇದಕ್ಕೆ ಯಾವ ಸೆಟ್ಟಿಂಗೂ ಇಲ್ಲ ಅನ್ನಿಸುತ್ತದೆ.

ಗಾಂಧಿಬಜಾರ್_ಬೆಳಗು:
ಇದೆ. ಮೊದಲ ಹತ್ತು ನಿಮಿಷ ಅವಳು ಬಯಸಿದ ಹಾಗೇ ತೆಗೆಯಿರಿ. ಸೆರಗು ಸರಿ ಮಾಡಿಕೊಳ್ಳಲಿ, ನೆಟ್ಟಗೆ ಕೂರಲಿ, ತೆಗೆದು ತೋರಿಸಿ. ಹಳೇ ಕಾಲದವರಿಗೆ ಫೋಟೊ ಅಂದರೆ ವರ್ಷಕ್ಕೊಮ್ಮೆ ಸ್ಟುಡಿಯೋಗೆ ಹೋಗಿ ತೆಗೆಸಿಕೊಳ್ಳುವುದು, ಅದಕ್ಕೊಂದು ಮರ್ಯಾದೆ ಇದೆ. ಆ ಫೋಟೊವೂ ಬೇಕು, ಅದನ್ನು ಕೆಟ್ಟದ್ದು ಅಂತ ಅಳಿಸಬೇಡಿ. ಅದಾದ ಮೇಲೆ ಫೋನನ್ನು ಒಂದು ಡಬ್ಬಕ್ಕೆ ಒರಗಿಸಿಟ್ಟು ನೀವು ಅವಳ ಜೊತೆ ಕೂತು ಹಿಟ್ಟು ನಾದಿ. ಹಳೇ ಸಂಬಂಧಿಕರ ಜಗಳದ ಕಥೆ ಕೇಳಿ, ಅವಳಿಗೆ ಫೋನ್ ಮರೆತು ಹೋಗುತ್ತದೆ. ಟೈಮರ್ ಹಾಕಬಹುದು, ಇಲ್ಲ ವಾಲ್ಯೂಮ್ ಬಟನ್ ಒತ್ತಿ ತೆಗೆಯಬಹುದು.

ಪಿಕ್ಸೆಲ್_ಪುಟ್ಟ:
ಅಥವಾ 4ಕೆ ವಿಡಿಯೊ ಹಾಕಿಟ್ಟು ಬಿಡಿ. ಅದರ ಒಂದೊಂದು ಫ್ರೇಮೂ 3840×2160, ಅಂದರೆ ಸುಮಾರು 8 ಮೆಗಾಪಿಕ್ಸೆಲ್. ಬೇಕಾದ ಕ್ಷಣ ಆರಿಸಿಕೊಳ್ಳಬಹುದು. ಫೋಟೊದಷ್ಟು ಸ್ವಚ್ಛ ಇರುವುದಿಲ್ಲ, ಆದರೆ ರೊಟ್ಟಿ ಬಡಿಯುವ ಸದ್ದೂ ಸಿಗುತ್ತದೆ.

ನೆರಳು_ಬೆಳಕು:
ನಾನೊಂದು ಕೇಳಲಾ? ಹೇಳದೆ ಕೇಳದೆ ಫೋನ್ ಒರಗಿಸಿಟ್ಟು ತೆಗೆಯುವುದು ಸರಿಯಾ? ಅಜ್ಜಿ ಮನೆಯವರು, ಸರಿ. ಗಾಂಧಿಬಜಾರ್ ಅವರು ಹೂ ಮಾರುವವರದ್ದೂ ಹೀಗೇ ತೆಗೆಯುತ್ತಾರೆ ಅಂತ ಅವರ ಹಿಂದಿನ ಪೋಸ್ಟ್‌ಗಳಲ್ಲಿ ನೋಡಿದ್ದೇನೆ. ಬೆಳಗಿನ ಜಾವ ಮಾರ್ಕೆಟ್‌ನಲ್ಲಿ ಹೊಟ್ಟೆಪಾಡಿಗೆ ಕೂತವರ ಮುಖದ ಮುಂದೆ ಫೋನ್ ಹಿಡಿದು ಲೈಕ್ ಗಳಿಸುವುದು ನನಗೆ ಸರಿ ಕಾಣುವುದಿಲ್ಲ.

ಗಾಂಧಿಬಜಾರ್_ಬೆಳಗು:
ಕೇಳಿದರೆ ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಾರೆ, ಆಗ ಆ ಬೆಳಗು ಎಲ್ಲಿ ಉಳಿಯುತ್ತದೆ? ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರನ್ನು ನೋಡಿ. 1977ರಲ್ಲಿ ಪದ್ಮಶ್ರೀ ಪಡೆದವರು, 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಫೋಟೊಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಟ್ಟಡದಲ್ಲಿ ನಡೆಯಿತು. ಸಾಮಾನ್ಯ ಜನರ ದಿನದ ಬದುಕನ್ನು ಯಾರೂ ತೆಗೆಯದೇ ಇದ್ದಿದ್ದರೆ ಆ ಕಾಲದ ನಮ್ಮ ಜನ ಹೇಗಿದ್ದರು ಅಂತ ಇವತ್ತು ಹೇಗೆ ಗೊತ್ತಾಗುತ್ತಿತ್ತು?

ನೆರಳು_ಬೆಳಕು:
ಸತ್ಯನ್ ಅವರ ಫೋಟೊ ಪತ್ರಿಕೆಯಲ್ಲಿ ಬರುತ್ತಿತ್ತು, ಅದಕ್ಕೆ ಒಬ್ಬ ಸಂಪಾದಕ ಇರುತ್ತಿದ್ದ. ನಮ್ಮ ಫೋಟೊ ಒತ್ತಿದ ಅರ್ಧ ನಿಮಿಷಕ್ಕೆ ಊರೆಲ್ಲ ಹರಡುತ್ತದೆ. ಎರಡೂ ಒಂದೇ ಅಲ್ಲ.

ಕಾಯಕಬಂಧು_ಅಕ್ಕ:
ತೆಗೆದ ಮೇಲಾದರೂ ತೋರಿಸಿ. ಬೇಡ ಅಂದರೆ ಅವರ ಮುಂದೆಯೇ ಅಳಿಸಿ. ಮಕ್ಕಳದ್ದಾದರೆ ತಾಯಿಯನ್ನು ಕೇಳದೆ ಎಲ್ಲೂ ಹಾಕಬೇಡಿ. ಇಷ್ಟಕ್ಕೆ ಯಾಕೆ ಜಗಳ?

ಗಾಂಧಿಬಜಾರ್_ಬೆಳಗು:
ಅಳಿಸುವುದು ಒಪ್ಪಿದೆ ಅಕ್ಕಾ. ಮೊದಲೇ ಕೇಳುವುದು ಮಾತ್ರ ಆಗುವುದಿಲ್ಲ. ಆದರೆ ಹೂ ಕಟ್ಟುವವರಲ್ಲಿ ಪರಿಚಯ ಆದವರಿಗೆ ಪ್ರಿಂಟ್ ಹಾಕಿಸಿ ಕೊಡುತ್ತೇನೆ, ಅದನ್ನೂ ನೆರಳು ಬೆಳಕು ಅವರು ನೋಡಿದ್ದರೆ ಚೆನ್ನಾಗಿತ್ತು.

ಪಿಕ್ಸೆಲ್_ಪುಟ್ಟ:
ಇದೇ ಮಾತಿನ ಜೊತೆ ಇನ್ನೊಂದು. ಲೊಕೇಶನ್ ಆನ್ ಇದ್ದರೆ ಪ್ರತಿ ಫೋಟೊ ಫೈಲ್‌ನೊಳಗೆ ಎಲ್ಲಿ ತೆಗೆದದ್ದು ಅನ್ನುವ ಜಿಪಿಎಸ್ ಅಂಕಿ ಇರುತ್ತದೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ಮನೆಯ ಫೋಟೊ ಗೊತ್ತಿಲ್ಲದವರಿಗೆ ಫೈಲ್ ಆಗಿ ಕಳಿಸುವ ಮೊದಲು ನೆನಪಿರಲಿ.

ಡಬ್ಬ_ಬಿಚ್ಚಿ_ನೋಡು:
ಪಟ್ಟದಕಲ್ಲು, ಬಾದಾಮಿ ಕಡೆ ಹೋಗುವವನಿದ್ದೇನೆ. ಅಲ್ಲಿ ಫೋನಿನಲ್ಲಿ ಫೋಟೊ ತೆಗೆಯಲು ಬಿಡುತ್ತಾರಾ?

ಹಳೇ_ಸ್ಟುಡಿಯೋ:
ಬಿಡುತ್ತಾರೆ. ಪುರಾತತ್ವ ಇಲಾಖೆ 2018ರಲ್ಲಿ ನಿರ್ಬಂಧ ಸಡಿಲಿಸಿತು. ಆಗ ಬೇಡ ಅಂತ ಉಳಿಸಿಕೊಂಡದ್ದು ಅಜಂತಾ ಗುಹೆ, ಲೇಹ್ ಅರಮನೆ, ತಾಜ್‌ಮಹಲಿನ ಗೋರಿ ಇರುವ ಭಾಗ. ಟ್ರೈಪಾಡ್ ಒಯ್ಯಬೇಡ, ಅದಕ್ಕೆ ಬೇರೆ ಅನುಮತಿ ಬೇಕು. ಗುಹೆಯೊಳಗೆ ಕಂಬಕ್ಕೆ ಒರಗಿ, ಮೊಣಕೈ ಎದೆಗೆ ಒತ್ತಿ, ಉಸಿರು ಬಿಟ್ಟು ಬಟನ್ ಒತ್ತು. ಬಾದಾಮಿ ಕಲ್ಲಿಗೆ ಇಳಿ ಬಿಸಿಲೇ ಚೆಂದ. ಮಧ್ಯಾಹ್ನ ಹೋಗಿ ಫೋಟೊ ಚಪ್ಪಟೆ ಬಂತು ಅಂತ ಫೋನನ್ನು ಬೈಯಬೇಡ.

ಬಿಳಿಜೋಳ:
ಈ ವಾರ ಊರಿಗೆ ಹೋಗಿದ್ದೆ. ಫೋನ್ ಬದಲಿಸುವುದಿಲ್ಲ ಅಂತ ತೀರ್ಮಾನ ಮಾಡಿದೆ. ಬಿಸಿಲಿಗೆ ಬಿಳಿ ಚೀಲ ಹಾಸಿದ್ದಕ್ಕೆ "ಇದರ ಮ್ಯಾಲ ಏನ್ ಒಣಗಸ್ತೀ?" ಅಂತ ಅಜ್ಜಿ ಕೇಳಿದಳು. ಮುಖ ಸರಿಯಾದ ಬಣ್ಣದಲ್ಲಿ ಬಂದಿದೆ, ಕೈಯೂ ಸಿಕ್ಕಿದೆ. ಕೆಲವು ಕಾಳುಕಾಳಾಗಿವೆ, ಪರವಾಗಿಲ್ಲ. ಅಪ್ಪನಿಗೆ ತೋರಿಸಿದರೆ "ಯಾಕ ಇಷ್ಟು ಕರ್ರಗ ಬಂದೈತಿ?" ಅಂದರು. ಅಜ್ಜಿಗೆ ಮಾತ್ರ ಇಷ್ಟವಾಯಿತು.

ಈಗ ಇನ್ನೊಂದು ಪ್ರಶ್ನೆ. ಮನೆಯವರ ಗ್ರೂಪಿಗೆ ಹಾಕಿದೆ, ಅಲ್ಲಿಂದ ಇಳಿಸಿಕೊಂಡು ನಮ್ಮ ಕಾಕಾ ದೊಡ್ಡದಾಗಿ ಪ್ರಿಂಟ್ ಹಾಕಿಸಿದರೆ ಮಸುಕಾಗಿ ಬಂದಿದೆ.

ಪಿಕ್ಸೆಲ್_ಪುಟ್ಟ:
ವಾಟ್ಸಾಪ್ ಮಾಮೂಲಿ ಗುಣಮಟ್ಟದಲ್ಲಿ ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸಿ ಹಿಂಡಿಬಿಡುತ್ತದೆ. 2023ರಿಂದ ಎಚ್‌ಡಿ ಅಂತ ಬಟನ್ ಇದೆ, ಅದು ಪರವಾಗಿಲ್ಲ. ಪ್ರಿಂಟಿಗೆ ಅಂತಾದರೆ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಮನೆಯವರ ಫೋಟೊ ಗ್ರೂಪಿನಲ್ಲಿ ಇದೆಯಲ್ಲ ಅಂತ ಫೋನಿನಿಂದ ಅಳಿಸಬೇಡಿ. ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದೆ ಪುಕ್ಕಟೆ ಇಡುವ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಪುಕ್ಕಟೆ ಸಿಗುವುದು ಜಿಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ. ಒಂದು ಹಾರ್ಡ್ ಡಿಸ್ಕ್‌ನಲ್ಲಿ ಇನ್ನೊಂದು ಪ್ರತಿ ಇರಲಿ.

ಹಳೇ_ಸ್ಟುಡಿಯೋ:
ನಾವು ಮ್ಯಾಕ್ಸಿ ಅನ್ನುತ್ತಿದ್ದ 4×6 ಇಂಚಿನ ಪ್ರಿಂಟಿಗೆ 1200×1800 ಪಿಕ್ಸೆಲ್ ಸಾಕು. ಎರಡು ಮೆಗಾಪಿಕ್ಸೆಲ್ಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎ4ಗೆ ಹೋದರೆ 2480×3508 ಬೇಕು, ಅಲ್ಲಿ ವಾಟ್ಸಾಪ್ ಫೋಟೊ ಸೋಲುತ್ತದೆ. ಫೋನಿನಲ್ಲಿ ಚಿತ್ರದ ಆಕಾರ 4:3 ಇಟ್ಟುಕೊಂಡು ತೆಗಿ. 16:9 ಅಂದರೆ ಅದೇ ಚಿತ್ರದ ಮೇಲೆ ಕೆಳಗೆ ಕತ್ತರಿಸಿದ್ದು. 4×6 ಹಾಕುವಾಗ 4:3 ಕೂಡ ಸ್ವಲ್ಪ ಕತ್ತರಿಸಲ್ಪಡುತ್ತದೆ, ಹಾಗಾಗಿ ತಲೆಯ ಮೇಲೆ ಒಂದಿಷ್ಟು ಜಾಗ ಬಿಡು. ಐಫೋನ್ ಇರುವವರು ಎಚ್‌ಇಐಸಿ ಫೈಲ್ ತಂದರೆ ಎಷ್ಟೋ ಲ್ಯಾಬ್‌ಗಳಲ್ಲಿ ತೆರೆಯುವುದಿಲ್ಲ, ಜೆಪೆಗ್ ಮಾಡಿಕೊಂಡು ಹೋಗಿ.

ಲ್ಯಾಬ್‌ನವರಿಗೆ "ಕಲರ್ ಕರೆಕ್ಷನ್ ಬೇಡ" ಅಂತ ಬಾಯಿಬಿಟ್ಟು ಹೇಳು. ಇಲ್ಲದಿದ್ದರೆ ಅವರ ಕಂಪ್ಯೂಟರ್ ಮತ್ತೆ ಅಜ್ಜಿಯನ್ನು ಬೆಳ್ಳಗೆ ಮಾಡುತ್ತದೆ.

ಬಿಳಿಜೋಳ:
ಅಯ್ಯೋ, ಅಲ್ಲಿಯೂ ಇದೇ ಕಥೆಯಾ! ಹೊಳಪಿಲ್ಲದ ಮ್ಯಾಟ್ ಹಾಕಿಸಲಾ, ಹೊಳೆಯುವ ಗ್ಲಾಸಿ ಹಾಕಿಸಲಾ?

ಹಳೇ_ಸ್ಟುಡಿಯೋ:
ಮ್ಯಾಟ್. ಹಳ್ಳಿ ಮನೆಯಲ್ಲಿ ಹತ್ತು ಕೈ ಹಿಡಿಯುತ್ತವೆ, ಗ್ಲಾಸಿ ಮೇಲೆ ಬೆರಳಿನ ಗುರುತು ಉಳಿಯುತ್ತದೆ. ಅಂಟು ಹಾಳೆಯ ಆಲ್ಬಮ್ ಬೇಡ, ವರ್ಷ ಕಳೆದರೆ ಫೋಟೊ ಕಿತ್ತು ಬರುವುದಿಲ್ಲ. ಪಾಕೆಟ್ ಇರುವುದು ತಗೋ. ಹಿಂದೆ ಊರು, ತಿಂಗಳು ಬರೆಯುವುದಾದರೆ ಪೆನ್ಸಿಲ್‌ನಲ್ಲಿ ಮೆಲ್ಲಗೆ ಬರೆ, ಬಾಲ್ ಪೆನ್ ಒತ್ತಿದರೆ ಮುಂದಿನ ಕಡೆ ಗೀರು ಕಾಣುತ್ತದೆ.

ಮಲ್ಪೆ_ಬಂಗುಡೆ:
ಲೆನ್ಸ್ ಒರೆಸಿದಿರಾ ಇಲ್ಲವಾ, ಅದನ್ನು ಯಾರೂ ಕೇಳಲೇ ಇಲ್ಲ ನೋಡಿ.